ಒಣಗಿ ಕಪ್ಪಾದ ವೀನಸ್ ಫ್ಲೈಟ್ರ್ಯಾಪ್ ಮತ್ತೆ ಚಿಗುರುತ್ತಾ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ನಮಸ್ಕಾರ ಸರ್. ನಮ್ಮ ಮನೆಯಲ್ಲಿ ನೊಣ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಗಿಡ ಇದೆ. ಹೋದ ಮಳೆಗಾಲದಲ್ಲಿ ಆನ್‌ಲೈನ್‌ನಲ್ಲಿ ತರಿಸಿದ್ದು. ನೆಂಟರ ಮದುವೆ ಮುಗಿಸಿಕೊಂಡು ಬರುವಷ್ಟರಲ್ಲಿ ಕುಂಡ ಪೂರ್ತಿ ಒಣಗಿದೆ. ಮಣ್ಣು ಕುಗ್ಗಿ ಕುಂಡದ ಅಂಚು ಬಿಟ್ಟುಕೊಂಡಿದೆ. ಬಾಯಿಗಳೆಲ್ಲ ಕಪ್ಪಾಗಿವೆ, ನಡುವಿನ ಒಂದೆರಡು ಎಲೆ ಮಾತ್ರ ಅರೆಬರೆ ಹಸಿರು. ನೀರು ಹಾಕಿದರೆ ಮಣ್ಣು ನೆನೆಯುವುದೇ ಇಲ್ಲ, ಸುರ್ರನೆ ಕೆಳಗೆ ಇಳಿದು ಹೋಗುತ್ತದೆ. ನಮ್ಮ ಅತ್ತೆ ಸ್ವಲ್ಪ ಸಗಣಿ ಗೊಬ್ಬರ ಹಾಕಿ ನೋಡು ಅನ್ನುತ್ತಿದ್ದಾರೆ. ಹಾಕಲಾ, ಇಲ್ಲಾ ಎಸೆದುಬಿಡಲಾ?

ಉತ್ತರ (ನರ್ಸರಿಯವರು, ಸಾಗರ):
ಎಸೆಯಬೇಡಿ ಮೇಡಂ. ಗೊಬ್ಬರವನ್ನಂತೂ ಹಾಕಲೇಬೇಡಿ. ಅತ್ತೆಯವರ ಮಾತು ಮಲ್ಲಿಗೆ, ದಾಸವಾಳಕ್ಕೆ ಸರಿ. ಈ ಗಿಡದ ಬೇರು ಗೊಬ್ಬರ ತಡೆಯುವುದಿಲ್ಲ, ಸುಟ್ಟು ಹೋಗುತ್ತದೆ.

ಮೊದಲು ಗೆಡ್ಡೆ ನೋಡಿ. ಎಲೆಗಳು ಹೊರಡುವ ಜಾಗದಲ್ಲಿ ಮಣ್ಣನ್ನು ಬೆರಳಿನಿಂದ ನಿಧಾನಕ್ಕೆ ಸರಿಸಿ. ಬೆಳ್ಳುಳ್ಳಿ ಎಸಳಿನ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಏನಾದರೂ ಕಂಡರೆ ಗಿಡ ಬದುಕಿದೆ. ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಮೆತ್ತಗಾಗಿದ್ದರೆ ಆಸೆ ಕಡಿಮೆ. ಎಲೆ ನೋಡಿ ತೀರ್ಮಾನ ಮಾಡಬೇಡಿ. ಇದರ ಮೂಲ ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ. ಅಲ್ಲಿ ವಿಲ್ಮಿಂಗ್ಟನ್ ಅನ್ನುವ ಊರಿನ ಸುತ್ತ ಸುಮಾರು 100 ಕಿ.ಮೀ. ಒಳಗಿನ ಜವುಗು ಬಯಲಿನಲ್ಲಿ ಬೆಳೆಯುತ್ತದೆ. ಆ ಬಯಲಿಗೆ ಆಗಾಗ ಬೆಂಕಿ ಬೀಳುತ್ತದೆ. ಮೇಲಿನ ಎಲೆಯೆಲ್ಲ ಸುಟ್ಟರೂ ಗೆಡ್ಡೆಯಿಂದ ಮತ್ತೆ ಚಿಗುರಿ ಬರುತ್ತದೆ. ಹಾಗಾಗಿ ಎಲೆ ಕಪ್ಪಾಗಿದ್ದು ಅಂಥ ದೊಡ್ಡ ವಿಷಯ ಅಲ್ಲ.

ಇನ್ನು ನೀರು ಇಳಿದು ಹೋಗುವ ವಿಚಾರ. ನೀವು ಮಣ್ಣು ಅನ್ನುತ್ತಿರುವುದು ಬಹುಶಃ ಪೀಟ್ ಮಾಸ್, ಅಂದರೆ ಜವುಗಿನಲ್ಲಿ ಅರೆಬರೆ ಕೊಳೆತ ಹಾವಸೆಯ ಪುಡಿ. ಅದು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲಿಂದ ಎಷ್ಟು ಸುರಿದರೂ ಅಂಚಿನ ಬಿರುಕಿನಲ್ಲಿ ಜಾರಿ ಹೊರಗೆ ಹೋಗುತ್ತದೆ, ಬೇರಿಗೆ ಒಂದು ಹನಿ ಸಿಗುವುದಿಲ್ಲ. ಅದಕ್ಕೇ ಕೆಳಗಿನಿಂದ ನೆನೆಸಬೇಕು. ಒಂದು ಪಾತ್ರೆಯಲ್ಲಿ ನೀರು ತುಂಬಿ, ಕುಂಡದ ಮುಕ್ಕಾಲು ಭಾಗ ಮುಳುಗುವ ಹಾಗೆ ಇಡಿ. ನೀರು ಚಳಿ ಬಿಟ್ಟಷ್ಟು ಬೆಚ್ಚಗಿದ್ದರೆ ಪೀಟ್ ಬೇಗ ಹೀರುತ್ತದೆ. ಬಿಸಿ ಬೇಡ. ಮೇಲ್ಭಾಗ ತಾನಾಗಿ ಒದ್ದೆಯಾಗುವವರೆಗೂ ಬಿಡಿ, ಕೆಲವು ಗಂಟೆ ಹಿಡಿದರೂ ಹಿಡಿಯಿತು. ಆಮೇಲೆ ಅಂಚಿನ ಬಿರುಕು ಮುಚ್ಚುವಂತೆ ಹಗುರವಾಗಿ ಒತ್ತಿ. ಇಷ್ಟಾದ ಮೇಲೆ ಮೇಲಿಂದಲೂ ಎರಡು ಸಲ ಧಾರಾಳವಾಗಿ ನೀರು ಹೊಯ್ದು ಕೆಳಗೆ ಬಸಿದು ಹೋಗಲು ಬಿಡಿ. ನೀರು ಆರುತ್ತಾ ಬಂದ ಹಾಗೆ ಅದರಲ್ಲಿದ್ದ ಉಪ್ಪಿನ ಅಂಶ ಪೀಟ್‌ನಲ್ಲೇ ಉಳಿದಿರುತ್ತದೆ, ಅದು ತೊಳೆದು ಹೋಗಬೇಕು.

ಪ್ರಶ್ನೆ (ತೀರ್ಥಹಳ್ಳಿ):
ಗೆಡ್ಡೆ ಬೆಳ್ಳಗೇ ಇದೆ ಸರ್! ಆದರೆ ನಮ್ಮಲ್ಲಿ ಇರುವುದು ಬೋರ್‌ವೆಲ್ ನೀರು. ಅದೇ ಹಾಕಬಹುದಾ?

ಉತ್ತರ:
ಬೇಡ ಮೇಡಂ. ಈ ಗಿಡ ಒಣಗಿ ಸಾಯುವುದಕ್ಕಿಂತ ಇಂಥ ನೀರು ಕುಡಿದು ಸಾಯುವುದೇ ಜಾಸ್ತಿ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಉಪ್ಪು, ಖನಿಜದ ಅಳತೆ, 50 ಪಿಪಿಎಂಗಿಂತ (ಲೀಟರಿಗೆ 50 ಮಿಲಿಗ್ರಾಂ) ಕಡಿಮೆ ಇರುವ ನೀರು ಬೇಕು. ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು. ಈಗ ಏಪ್ರಿಲ್, ಅಶ್ವಿನಿ ಮಳೆಯೋ ಭರಣಿ ಮಳೆಯೋ ಬಂದರೆ ಅಂಗಳದಲ್ಲಿ ಬಯಲಿಗೆ ಪಾತ್ರೆ ಇಟ್ಟು ಹಿಡಿದುಕೊಳ್ಳಿ. ಹೆಂಚಿನ ಮೇಲಿಂದ ಬರುವ ಮೊದಲ ನೀರು ಬೇಡ, ಧೂಳು ತೊಳೆದು ಹೋಗಲಿ. ಅಲ್ಲಿಯವರೆಗೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ತನ್ನಿ. ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಅಂಥದ್ದೇ ಕ್ಯಾನಿನಲ್ಲಿ ಇರುತ್ತದೆ, ಲೇಬಲ್ ಸರಿಯಾಗಿ ಓದಿಯೇ ತಗೊಳ್ಳಿ. ಮನೆಯ ಆರ್‌ಒ ನೀರನ್ನು ಮೀಟರ್ ಇಟ್ಟು ನೋಡದೆ ಹಾಕಬೇಡಿ, ಕೆಲವು ಮೆಷಿನ್‌ಗಳು ರುಚಿಗೆ ಅಂತ ಖನಿಜ ಸೇರಿಸುತ್ತವೆ. ಬಾಟಲಿ ಮಿನರಲ್ ವಾಟರೂ ಬೇಡ.

ನೆನೆದ ಮೇಲೆ ಕುಂಡದ ಕೆಳಗೆ ತಟ್ಟೆ ಇಟ್ಟು ಒಂದೆರಡು ಸೆಂಟಿಮೀಟರ್ ನೀರು ನಿಲ್ಲಿಸಿದರೆ ಸಾಕು. ಒಂದು ವಾರ, ಹತ್ತು ದಿನ ಬೆಳಕು ಚೆನ್ನಾಗಿರುವ ನೆರಳಿನಲ್ಲಿಡಿ. ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ ಬಿಸಿಲು. ಕಪ್ಪಗೆ ಸತ್ತ ಎಲೆ ಕತ್ತರಿಸಿ, ಅರೆ ಹಸಿರು ಇರುವುದನ್ನು ಮುಟ್ಟಬೇಡಿ. ಗೆಡ್ಡೆಗೆ ಈಗ ಊಟ ಕೊಡುವುದು ಅದೇ. ಹೂವಿನ ದಂಟು ಬಂದಿದ್ದರೆ ಬುಡಕ್ಕೇ ಚಿವುಟಿ. ಪ್ಲಾಸ್ಟಿಕ್ ಕವರ್ ಮುಚ್ಚಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಈ ಸೆಕೆಯಲ್ಲಿ ಬೆಂದು ಹೋಗುತ್ತದೆ.

ಇಷ್ಟು ಮಾಡಿ ಸುಮ್ನೆ ಬಿಟ್ಟುಬಿಡಿ. ಚಿಗುರಲು ಕೆಲವು ವಾರ ಬೇಕು. ದಿನಾ ಮಣ್ಣು ಕೆದಕಿ ನೋಡಿದರೆ ಇರುವ ಬೇರೂ ಹೋಗುತ್ತದೆ.

ಪ್ರಶ್ನೆ (ತೀರ್ಥಹಳ್ಳಿ):
ಶಕ್ತಿ ಬರಲಿ ಅಂತ ಒಂದು ನೊಣ ಹಾಕಬಹುದಾ? ಮಗನಿಗೆ ತಡೆಯಲು ಆಗುತ್ತಿಲ್ಲ.

ಉತ್ತರ:
ಹ್ಹಹ್ಹ, ಎಲ್ಲ ಮನೆಯಲ್ಲೂ ಇದೇ ಕಥೆ. ಈಗ ಬೇಡ. ಗಿಡ ಶಕ್ತಿ ಮಾಡಿಕೊಳ್ಳುವುದು ಬಿಸಿಲಿನಿಂದ. ನೊಣದಿಂದ ಸಿಗುವುದು ಸಾರಜನಕ, ಅಂದರೆ ಗೊಬ್ಬರದ ಅಂಶ ಅಷ್ಟೇ. ಅರಗಿಸಿಕೊಳ್ಳಲು ಗಿಡವೇ ಶಕ್ತಿ ಖರ್ಚು ಮಾಡಬೇಕು, ನಿತ್ರಾಣದಲ್ಲಿದ್ದಾಗ ಆ ಎಲೆಯೇ ಕೊಳೆಯುತ್ತದೆ. ಕಡ್ಡಿ ಹಾಕಿ ಬಾಯಿ ಮುಚ್ಚಿಸುವುದೂ ಬೇಡ. ಒಳಗಿನ ಸಣ್ಣ ಕೂದಲನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಅದು ಮುಚ್ಚುತ್ತದೆ. ಒಂದೊಂದು ಬಾಯಿ ಕೆಲವೇ ಸಲ ಹೀಗೆ ಮುಚ್ಚಿ ತೆರೆಯುತ್ತದೆ, ಆಮೇಲೆ ಸಾಯುತ್ತದೆ. ಹೊಸ ಬಾಯಿಗಳು ಬಲಿತ ಮೇಲೆ ಮಗನೇ ಹಾಕಲಿ, ಬಾಯಿಯ ಮೂರನೇ ಒಂದು ಭಾಗಕ್ಕಿಂತ ಸಣ್ಣ ಹುಳ.

ಗುಂಪಿನ ಇನ್ನೊಬ್ಬರು (ಹೊಸನಗರ):
ಪೀಟ್ ಮಾಸ್ ದುಬಾರಿ ಸರ್. ನಮ್ಮ ಮನೆ ಗೋಡೆಯ ಹಾವಸೆ ಕೆರೆದು ಹಾಕಿದರೆ ಆಗುತ್ತಾ? ಹಾಗೇ, ನಮ್ಮ ಜಂಬಿಟ್ಟಿಗೆ ಬಯಲಲ್ಲಿ ಮಳೆ ಮುಗಿಯುವ ಹೊತ್ತಿಗೆ ಅಂಟು ಹನಿ ಇರುವ ಕೆಂಪು ಗಿಡ ಕಾಣುತ್ತದೆ. ಅದನ್ನೂ ಕುಂಡಕ್ಕೆ ಹಾಕಬಹುದಾ?

ಉತ್ತರ:
ಗೋಡೆಯ ಹಾವಸೆ ಬೇರೆ ಜಾತಿ, ಜೊತೆಗೆ ಸುಣ್ಣ ಬರುತ್ತದೆ. ಆಗಲ್ಲ. ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಆದರೆ ಉಪ್ಪು ಬಿಡುವವರೆಗೆ ಮಳೆ ನೀರಿನಲ್ಲಿ ಹಲವು ಸಲ ತೊಳೆದು, ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು ಸೇರಿಸಿ ಬಳಸಬಹುದು. ಆದರೂ ನಾನು ಪೀಟ್ ಅನ್ನೇ ಆರಿಸುತ್ತೇನೆ. ಮಣ್ಣಿನ ಕುಂಡ ಬೇಗ ಆರುತ್ತದೆ, ಪ್ಲಾಸ್ಟಿಕ್ ಇರಲಿ.

ನೀವು ನೋಡಿದ್ದು ಡ್ರೊಸೆರಾ. ಅದೂ ಹುಳ ಹಿಡಿಯುವ ಗಿಡವೇ. ನಮ್ಮ ಬಯಲಲ್ಲಿ ಸಿಗುವ ಡ್ರೊಸೆರಾ ಇಂಡಿಕಾ ಒಂದೇ ವರ್ಷದ ಗಿಡ. ಬೇಸಿಗೆಗೆ ಬೀಜ ಉದುರಿಸಿ ಸಾಯುತ್ತದೆ. ಕಿತ್ತು ತಂದರೂ ನಿಲ್ಲುವುದಿಲ್ಲ, ಅಲ್ಲೇ ಇರಲಿ ಬಿಡಿ.

ಪ್ರಶ್ನೆ (ತೀರ್ಥಹಳ್ಳಿ):
ಕೊನೆಯದೊಂದು ಸರ್. ಮಳೆಗಾಲ ಶುರುವಾದ ಮೇಲೆ ಕುಂಡ ಅಂಗಳದಲ್ಲೇ ಇಟ್ಟುಬಿಟ್ಟರೆ ನೀರಿನ ಚಿಂತೆ ಇಲ್ಲ, ಅಲ್ವಾ?

ಉತ್ತರ:
ಮಳೆ ಒಳ್ಳೆಯದೇ. ಆದರೆ ನಮ್ಮ ಆರಿದ್ರಾ ಮಳೆ ಹೊಡೆತಕ್ಕೆ ಸಣ್ಣ ಕುಂಡದ ಪೀಟ್ ಕೊಚ್ಚಿ ಹೋಗುತ್ತದೆ. ಬೆಳಕು ಬರುವ ಪಾರದರ್ಶಕ ಶೀಟಿನ ಕೆಳಗಿಟ್ಟು, ಹಿಡಿದಿಟ್ಟ ಮಳೆ ನೀರು ಕೊಡಿ. ಇನ್ನೊಂದು ವಿಷಯ, ನಿಮ್ಮ ಅಂಗಳಕ್ಕೆ ತಾಗಿಕೊಂಡೇ ಅಡಿಕೆ ತೋಟ ಇದ್ದರೆ ಕೊಳೆ ಔಷಧಿ ಹೊಡೆಯುವ ದಿನ ಕುಂಡ ಒಳಗಿಡಿ. ಆ ಔಷಧಿ ಅಂದರೆ ಬೋರ್ಡೋ ದ್ರಾವಣ, ಅದರಲ್ಲಿ ಇರುವುದು ಮೈಲುತುತ್ತ ಮತ್ತು ಸುಣ್ಣ, ಎರಡೂ ಇದಕ್ಕೆ ಆಗುವುದಿಲ್ಲ. ಔಷಧಿ ಹೊಡೆದ ಮೇಲೆ ಮರದಿಂದ ತೊಟ್ಟಿಕ್ಕುವ ನೀರು ಕೂಡ ಕುಂಡಕ್ಕೆ ಬೀಳದ ಜಾಗ ನೋಡಿಕೊಳ್ಳಿ.