ರಪಾಲೊ ಫಾರ್ವರ್ಡ್ ಬಗ್ಗೆ ಮನೆ ಗ್ರೂಪಲ್ಲಿ ನಡೆದ ವಾದ

ಚಿಕ್ಕಪ್ಪ: (ಫಾರ್ವರ್ಡ್) 1922ರಲ್ಲಿ ಇಟಲಿಯ ರಪಾಲೊ ಅನ್ನೋ ಬಂದರು ಊರಲ್ಲಿ ಜರ್ಮನಿ ರಷ್ಯಾ ಗುಟ್ಟಾಗಿ ಸೇರಿ ಪೋಲೆಂಡ್ ಹಂಚಿಕೊಂಡರು. ಎರಡನೇ ಮಹಾಯುದ್ಧದ ಬೀಜ ಬಿದ್ದಿದ್ದು ಅಲ್ಲೇ. ಎಲ್ಲರಿಗೂ ಕಳಿಸಿ 🙏

ಅಕ್ಕ: ಚಿಕ್ಕಪ್ಪ ಇದು ತಪ್ಪು. ಪೋಲೆಂಡ್ ಹಂಚ್ಕೊಂಡಿದ್ದು 1939ರಲ್ಲಿ ಹಿಟ್ಲರ್, ಸ್ಟಾಲಿನ್ ಕಡೆಯವ್ರು ಮಾಡ್ಕೊಂಡ ಮಾಸ್ಕೋ ಒಪ್ಪಂದದಲ್ಲಿ. ರಪಾಲೊದಲ್ಲಿ ಏಪ್ರಿಲ್ 16ಕ್ಕೆ ಜರ್ಮನಿಯ ವಿದೇಶಾಂಗ ಮಂತ್ರಿ ರಾಥೆನಾವ್, ರಷ್ಯಾದ ವಿದೇಶಾಂಗ ಮಂತ್ರಿ ಚಿಚೆರಿನ್ ಸೈನ್ ಹಾಕಿದ್ದು ಬೇರೆಯದಕ್ಕೆ, ಯುದ್ಧದ ಪರಿಹಾರ ಇಬ್ರೂ ಕೇಳೋದು ಬೇಡ, ರಾಯಭಾರಿಗಳನ್ನ ಕಳ್ಸೋಣ, ವ್ಯಾಪಾರ ಮಾಡೋಣ ಅಂತ

ಚಿಕ್ಕಪ್ಪ: ಅಷ್ಟೇ ಆಗಿದ್ರೆ ಬ್ರಿಟನ್ ಫ್ರಾನ್ಸ್ ಯಾಕಮ್ಮ ಅಷ್ಟು ಕೆರಳಿದ್ವು

ಅಕ್ಕ: ಪಕ್ಕದ ಜಿನೋವಾದಲ್ಲಿ ಅವ್ರೇ ದೊಡ್ಡ ಸಮ್ಮೇಳನ ನಡೆಸ್ತಿದ್ರಲ್ಲ ಚಿಕ್ಕಪ್ಪ, ಬ್ರಿಟನ್ ಪ್ರಧಾನಿ ಲಾಯ್ಡ್ ಜಾರ್ಜ್ ಉಳ್ಕೊಂಡಿದ್ದ ಬಂಗಲೇಲಿ ರಷ್ಯಾದವ್ರನ್ನ ಕೂರಿಸ್ಕೊಂಡು ಜರ್ಮನಿನ ಹೊರಗಿಟ್ಟು ಮಾತಾಡ್ತಿದ್ರು, ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಮೇಲೆ ಹೇರಿದ ವರ್ಸೇಲ್ಸ್ ಒಪ್ಪಂದದ 116ನೇ ಕಲಮಿನ ಪ್ರಕಾರ ನಾಳೆ ರಷ್ಯಾನೂ ಪರಿಹಾರ ಕೇಳ್ಬೋದು ಅನ್ನೋ ಭಯ ಜರ್ಮನಿಗೆ ಇದ್ದೇ ಇತ್ತು, ಅಷ್ಟ್ರಲ್ಲಿ ನಡುರಾತ್ರಿ ರಷ್ಯಾ ಕಡೆಯಿಂದ ಫೋನ್ ಬಂತು, ಜರ್ಮನಿಯವ್ರು ಪೈಜಾಮದಲ್ಲೇ ಕೂತು ಚರ್ಚೆ ಮಾಡಿದ್ರು, ರಾಥೆನಾವ್‌ಗೆ ಮನಸ್ಸಿರ್ಲಿಲ್ಲ, ಅವ್ರದೇ ಮಾಲ್ಟ್ಸಾನ್ ಅನ್ನೋ ಅಧಿಕಾರಿ ಪಟ್ಟು ಹಿಡಿದು ಒಪ್ಪಿಸಿದ. ಎಲ್ರೂ ದೂರ ಇಟ್ಟಿದ್ದ ಎರಡು ದೇಶ ಬೇರೆ ದಾರಿ ಕಾಣ್ದೆ ಬ್ರಿಟನ್ ಫ್ರಾನ್ಸ್ ಬೆನ್ನ ಹಿಂದೆ ಒಂದಾಗಿದ್ದು ಅದು, ಅದಕ್ಕೇ ಕೆರಳಿದ್ದು

ಅಣ್ಣ: ಸೈನ್ಯದ ವಿಷ್ಯ ಬಿಟ್ಬಿಟ್ಟೆ ನೀನು. ವರ್ಸೇಲ್ಸ್‌ನಲ್ಲಿ ಜರ್ಮನಿಗೆ ಯುದ್ಧ ವಿಮಾನ ಟ್ಯಾಂಕ್ ಎರಡೂ ಬ್ಯಾನ್, ಆದ್ರೂ ರಷ್ಯಾದ ಲಿಪೆಟ್ಸ್ಕ್‌ನಲ್ಲಿ ಪೈಲಟ್ ಟ್ರೈನಿಂಗ್, ಕಜಾನ್‌ನಲ್ಲಿ ಟ್ಯಾಂಕ್ ಟ್ರೈನಿಂಗ್ ಗುಟ್ಟಾಗಿ ನಡೀತು

ಅಕ್ಕ: ನಡೀತು, ಇಲ್ಲ ಅಂದ್ನಾ? ಆದ್ರೆ ಆ ಸಂಪರ್ಕ 1921ರಲ್ಲೇ ಶುರುವಾಗಿತ್ತು, ರಪಾಲೊ ಕಾಗದದಲ್ಲಿ ಅದಿಲ್ಲ

ಅತ್ತೆ: ಅದೇ ಊರಿನ ಹೆಸರಲ್ಲಿ 1920ರ ನವೆಂಬರಲ್ಲಿ ಇನ್ನೊಂದು ಒಪ್ಪಂದ ಆಯ್ತಲ್ಲ, ಇಟಲಿಗೂ ಮುಂದೆ ಯುಗೊಸ್ಲಾವಿಯ ಆದ ದೇಶಕ್ಕೂ? ಲಕ್ಷಗಟ್ಲೆ ಸ್ಲೊವೀನ್, ಕ್ರೊಯೇಟ್ ಜನ ಇಟಲಿ ಪಾಲಾದ್ರು, ಆಮೇಲೆ ಮುಸೊಲಿನಿ ಕಾಲದಲ್ಲಿ ಅವ್ರ ಭಾಷೆಯ ಶಾಲೆನೂ ಮುಚ್ಚಿಸಿದ್ರು. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ

ಚಿಕ್ಕಪ್ಪ: ಅದಿರ್ಲಿ. ಜರ್ಮನ್ ಸೇನೆಯ ಮುಖ್ಯಸ್ಥ ಸೀಕ್ಟ್ 1922ರಲ್ಲೇ ಪೋಲೆಂಡ್ ಇರೋದನ್ನ ಸಹಿಸೋಕಾಗಲ್ಲ ಅಂತ ಬರೆದಿದ್ದ, ನಾನೂ ಓದಿದೀನಿ

ಅಕ್ಕ: ಸೆಪ್ಟೆಂಬರಲ್ಲಿ ಬರೆದಿದ್ದು ಚಿಕ್ಕಪ್ಪ. ರಾಥೆನಾವ್ ಅಷ್ಟೊತ್ತಿಗೆ ಬದುಕೇ ಇರ್ಲಿಲ್ಲ, ಜೂನ್ 24ಕ್ಕೆ ಬರ್ಲಿನ್ ರಸ್ತೇಲಿ ಬಲಪಂಥೀಯರು ಗುಂಡು ಹೊಡೆದು ಕೊಂದಿದ್ರು, ಯಹೂದಿ ಅನ್ನೋ ದ್ವೇಷ ಬೇರೆ. ಅಂಥವ್ರನ್ನ ಹಿಟ್ಲರ್ ಸಾಲಲ್ಲಿ ನಿಲ್ಸೋದು ಅನ್ಯಾಯ. ಬೇರೆ ಗ್ರೂಪಿಗೆ ಕಳ್ಸಿದ್ರೆ ದಯವಿಟ್ಟು ಅಲ್ಲೂ ಡಿಲೀಟ್ ಮಾಡಿ

ಚಿಕ್ಕಪ್ಪ: ಪೋಲೆಂಡ್ ಸಾಲು ತೆಗ್ದು ಕಳಿಸ್ತೀನಿ. ಅಣ್ಣ ಹೇಳಿದ ಸೈನ್ಯದ ಸಾಲು ಸೇರಿಸ್ತೀನಿ