ಇಂಪ್ಲಾಂಟ್ ಆಗಿದೆ, ಮಿದುಳಿನ ಟೆಸ್ಟಲ್ಲಿ ರೆಸ್ಪಾನ್ಸೂ ಬಂದಿದೆ, ಮಾತು ಮಾತ್ರ ಇಲ್ಲ. ಯಾಕೆ?

ಪುಟ್ಟಿ_ಅಮ್ಮ:
ನಮಸ್ಕಾರ ಎಲ್ರಿಗೂ. ಮಗಳಿಗೆ ಎರಡು ವರ್ಷ ಮೂರು ತಿಂಗಳು, ಹುಟ್ಟಿಂದ್ಲೇ ಕಿವಿ ಕೇಳ್ತಿರ್ಲಿಲ್ಲ, ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಗೆ ಆಪರೇಷನ್ ಮಾಡಿ ಹಾಕೋ ಕೇಳ್ಸೋ ಮೆಷಿನ್) ಸ್ವಿಚ್ ಆನ್ ಆಗಿ ಮೂರು ತಿಂಗಳಾಯ್ತು. ಮೊನ್ನೆ ತಲೆಗೆ ವೈರ್ ಅಂಟ್ಸಿ, ಸೌಂಡಿಲ್ದೆ ಕಾರ್ಟೂನ್ ಹಾಕಿ ಕೂರ್ಸಿ, ಸ್ಪೀಕರಲ್ಲಿ ಬಾ ಬಾ ಬಾ ಅಂತ ಒಂದೇ ಸಮ ಕೇಳ್ಸಿ ಟೆಸ್ಟ್ ಮಾಡಿದ್ರು. ರಿಪೋರ್ಟಲ್ಲಿ ಪಿ-ಒನ್ 210 ಮಿಲಿಸೆಕೆಂಡ್ ಅಂತಿದೆ. "ಚೆನ್ನಾಗಿ ಬಂದಿದೆ, ಸ್ವಲ್ಪ ಲೇಟಿದೆ" ಅಂತ ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಕಳ್ಸಿದ್ರು. ಅತ್ತೆ ಅಂತೂ ಕೇಳ್ಸುತ್ತೆ ಅಂದ್ಮೇಲೆ ಮಾತ್ಯಾಕಾಡಲ್ಲ ಅಂತ ದಿನಾ ಶುರು ಮಾಡ್ತಾರೆ. ಇನ್ನೊಂದು, ವಾಟ್ಸಾಪಲ್ಲಿ ಯಾರೋ ತುಟಿ ನೋಡೋಕೆ ಬಿಟ್ರೆ ಮಿದುಳಲ್ಲಿ ಕಿವಿ ಜಾಗಾನ ಕಣ್ಣು ನುಂಗ್ಬಿಡುತ್ತೆ ಅಂದ್ರು, ನಿಜಾನಾ?

ಕಿವಿಮಾತು:
ಆಡಿಯಾಲಜಿಸ್ಟ್ ನಾನು, ಆದ್ರೆ ನಿಮ್ ಮಗೂನ ನೋಡಿಲ್ಲ, ಅದು ನೆನಪಿರ್ಲಿ. ಪಿ-ಒನ್ ಅಂದ್ರೆ ಶಬ್ದ ಮಿದುಳಿನ ಕೇಳೋ ಭಾಗಕ್ಕೆ ಹೋಗಿ ಮುಟ್ಟಿದಾಗ ಆ ವೈರ್‌ಗಳಲ್ಲಿ ಕಾಣೋ ಅಲೆ, ಅಷ್ಟೇ. ಬಾಗಿಲು ತಟ್ಟಿದ್ದು ಒಳಗಿರೋರಿಗೆ ಗೊತ್ತಾಯ್ತು, ಬಂದೋರು ಯಾರು ಅಂತ ಇನ್ನೂ ಗೊತ್ತಿಲ್ಲ. ಕೇಳೋ ಮಕ್ಕಳಲ್ಲೂ ಹುಟ್ಟಿದಾಗ ಇದು ಶಬ್ದ ಶುರುವಾಗಿ ಸುಮಾರು 300 ಮಿಲಿಸೆಕೆಂಡಿಗೆ ಬರುತ್ತೆ, ಬೆಳೀತಾ ಬೆಳೀತಾ ದೊಡ್ಡೋರಾಗೋ ಹೊತ್ತಿಗೆ 60ರ ಹತ್ರ ಇಳಿಯುತ್ತೆ. ನಿಮ್ ಮಗಳ ಕಿವಿಗೆ ಈಗ ಮೂರೇ ತಿಂಗಳು ವಯಸ್ಸು, ಮೂರು ತಿಂಗಳ ಕೂಸು ಮಾತಾಡ್ತಿಲ್ಲ ಅಂತ ಯಾರೂ ಬೈಯಲ್ವಲ್ಲ, ಅತ್ತೆಗೆ ಹಂಗೇ ಹೇಳಿ. ಅಮೆರಿಕದಲ್ಲಿ ಸಂಶೋಧಕಿ ಅನು ಶರ್ಮಾ ಮತ್ತವರ ಜೊತೆಯವರು 2002ರಲ್ಲಿ ತೋರ್ಸಿದ್ದು, ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದ ಮಕ್ಕಳಲ್ಲಿ ಈ ಅಲೆ ಸಾಮಾನ್ಯವಾಗಿ ವಯಸ್ಸಿಗೆ ತಕ್ಕ ಮಟ್ಟಕ್ಕೆ ಬರುತ್ತೆ, ಏಳು ದಾಟಿದ್ಮೇಲೆ ಹಾಕ್ಸಿದ್ರೆ ಹೆಚ್ಚಿನೋರಲ್ಲಿ ಬರಲ್ಲ ಅಂತ. ನೀವು ಟೈಮಿಗೆ ಸರಿಯಾಗೇ ಹಾಕ್ಸಿದೀರಿ.

ತುಟಿ ವಿಷ್ಯ: ಕಿವಿ ವರ್ಷಗಟ್ಲೆ ಖಾಲಿ ಬಿದ್ರೆ ಆ ಜಾಗದಲ್ಲಿ ಕಣ್ಣಿನ ಕೆಲಸ ಸೇರ್ಕೊಳ್ಳೋದು ಹೌದು. ಅದು ಕೆಟ್ಟದ್ದು ಅನ್ನೋದು ಮಾತ್ರ ಅಷ್ಟು ಸರಳ ಇಲ್ಲ. 2017ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಲ್ಲಿ, ಇಂಪ್ಲಾಂಟಿನ ಮ್ಯಾಗ್ನೆಟ್ಟಿಂದ ಎಂಆರ್‌ಐ ತೊಂದ್ರೆ ಅಂತ, ಬೆಳಕಿಂದ ಮಿದುಳಿನ ರಕ್ತದ ಓಡಾಟ ನೋಡೋ ವಿಧಾನದಲ್ಲಿ ದೊಡ್ಡೋರನ್ನ ನೋಡಿದ್ರು, ಇಂಪ್ಲಾಂಟ್ ಆದ್ಮೇಲೆ ತುಟಿ ನೋಡಿದಾಗ ಕೇಳೋ ಭಾಗ ಜಾಸ್ತಿ ಚುರುಕಾದವರೇ ಮಾತನ್ನೂ ಚೆನ್ನಾಗಿ ಹಿಡೀತಿದ್ರು. ಥೆರಪಿ ಹೊತ್ತಲ್ಲಿ ಥೆರಪಿಸ್ಟ್ ಹೇಳ್ದಂಗೆ ಮಾಡಿ, ಮನೇಲಿ ಮುಖ ಮುಚ್ಕೊಂಡು ಓಡಾಡೋದು ಬೇಡ.

ಒಂದು ಪ್ರಶ್ನೆ, ಇಂಪ್ಲಾಂಟಿನ ಹೊರಗಿನ ಮೆಷಿನ್ ದಿನಕ್ಕೆಷ್ಟು ಗಂಟೆ ತಲೆ ಮೇಲಿರುತ್ತೆ?

ಬೆಲೆ_ಬೆಳೆ:
ನಾನು ದೊಡ್ಡವನಾದ್ಮೇಲೆ ಕಿವಿ ಕಳ್ಕೊಂಡು ಹಾಕ್ಸಿಕೊಂಡೋನು, ಮಾತು ಮೊದ್ಲೇ ಗೊತ್ತಿತ್ತು, ಹಾಗಾಗಿ ನಿಮ್ ಮಗಳ ಕೇಸೇ ಬೇರೆ. ಆದ್ರೂ ಹೇಳ್ತೀನಿ, ಮೊದಲನೇ ದಿನ ಹೆಂಡ್ತಿ ಮಾತು ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡ್ಸಿದಂಗಿತ್ತು, ನಾಕೈದು ತಿಂಗಳಾದ್ಮೇಲೆ ಒಂದಿನ ಅಡುಗೆಮನೆಯಿಂದ ಕಾಫಿ ಬೇಕಾ ಅಂದಿದ್ದು ಹಂಗೇ ಅರ್ಥ ಆಗೋಯ್ತು. ಮೆಷಿನ್ ಅದೇ, ಮಿದುಳು ಬದಲಾಗಿತ್ತು. ಇವತ್ತಿಗೂ ಕತೆ, ಕತ್ತೆ ಬೇರೆಬೇರೆ ಅಂತ ಪಕ್ಕಾ ಗೊತ್ತಾಗುತ್ತೆ, ಬೆಲೆ, ಬೆಳೆ ಮಾತ್ರ ಎರಡೂ ಒಂದೇ (ಮಂಡಿಲಿ ವ್ಯಾಪಾರ ಮಾಡೋನಿಗೆ ಇದಕ್ಕಿಂತ ಅನ್ಯಾಯ ಇಲ್ಲ).

ಕಿವಿಮಾತು:
ಹಹ, ಕಾರಣ ಇದೆ. ಒತ್ತಕ್ಷರದಲ್ಲಿ ವ್ಯತ್ಯಾಸ ಇರೋದು ಟೈಮಲ್ಲಿ, ಟೈಮನ್ನ ಇಂಪ್ಲಾಂಟ್ ಚೆನ್ನಾಗಿ ದಾಟಿಸುತ್ತೆ. ಲ, ಳ ವ್ಯತ್ಯಾಸ ಶಬ್ದದೊಳಗಿನ ಬೇರೆಬೇರೆ ಕಂಪನಗಳ ಸೂಕ್ಷ್ಮದಲ್ಲಿದೆ, ಒಳಕಿವೀಲಿ ಶಬ್ದ ಹಿಡಿಯೋ ಸುಮಾರು 3,500 ಒಳಕೂದಲು ಕೋಶಗಳು ಮಾಡ್ತಿದ್ದ ಕೆಲಸಾನ ಇಂಪ್ಲಾಂಟಿನ ಹೆಚ್ಚೂಕಡಿಮೆ 22 ಎಲೆಕ್ಟ್ರೋಡ್ (ನರಕ್ಕೆ ಕರೆಂಟ್ ಕೊಡೋ ಚುಕ್ಕಿಗಳು) ಮಾಡ್ಬೇಕು, ಪಾಪ.

ಪುಟ್ಟಿ_ಅಮ್ಮ:
ತುಂಬಾ ಥ್ಯಾಂಕ್ಸ್. ಗಂಟೆ ಕೇಳಿದ್ರಲ್ಲ, ನಾನು ಹತ್ತು ಅಂದ್ಕೊಂಡಿದ್ದೆ, ಈಗ ರಿಪೋರ್ಟ್ ಹಿಂದಿನ ಪುಟ ನೋಡಿದ್ರೆ ಮೆಷಿನ್ನೇ ಲೆಕ್ಕ ಇಟ್ಟಿದೆ, ಸರಾಸರಿ ಐದು ಗಂಟೆ. ಮಧ್ಯಾಹ್ನ ಮಲಗಿ ಎದ್ಮೇಲೆ ಯಾರೂ ವಾಪಸ್ ಹಾಕ್ತಾನೇ ಇಲ್ಲ, ನಾನು ಆಫೀಸಲ್ಲಿರ್ತೀನಿ. ಇವತ್ತು ಸಂಜೆ ಅತ್ತೆ ಹತ್ರ ಮಾತಾಡ್ತೀನಿ.