6.5 ಅಡಿ ಬೆಡ್ಡಿನ ಟ್ರಕ್ಕಿಗೆ ಫಿಫ್ತ್ ವೀಲ್ ಟ್ರೇಲರ್: ಯಾವ ಹಿಚ್, ಯಾವ ಟೈರು?

ದೂರದಾರಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಫಿಫ್ತ್ ವೀಲ್ ಟ್ರೇಲರ್ (ಟ್ರಕ್ಕಿನ ಹಿಂದಿನ ತೆರೆದ ತೊಟ್ಟಿ, ಅಂದರೆ ಬೆಡ್ಡಿನಲ್ಲಿ ಕೂರಿಸಿದ ಹಿಚ್ ಎಂಬ ಕೊಂಡಿಗೆ ಕೂಡಿಸಿ ಎಳೆಯುವ ವಾಸದ ಗಾಡಿ) ಒಂದನ್ನು ನೋಡಿಟ್ಟಿದ್ದೇವೆ. ಕೊಳ್ಳುವ ಮೊದಲು ಬಲ್ಲವರ ಸಲಹೆ ಬೇಕು.

ಟ್ರಕ್: ಮುಕ್ಕಾಲು ಟನ್ ಎಂದು ಕರೆಯುವ ವರ್ಗದ ಡೀಸೆಲ್, ಕ್ರೂ ಕ್ಯಾಬ್ (ನಾಲ್ಕು ಬಾಗಿಲಿನದು), 6.5 ಅಡಿ ಬೆಡ್. ಬೆಡ್ಡಿನಲ್ಲಿ ಕಂಪನಿಯೇ ಕೊಟ್ಟ ಪಕ್ ಕಿಂಡಿಗಳಿವೆ (ಹಿಚ್ಚಿನ ಕಾಲು ಸಿಕ್ಕಿಸುವ ಕಿಂಡಿಗಳು). ಬಾಗಿಲ ಸ್ಟಿಕ್ಕರಿನಲ್ಲಿ ಪೇಲೋಡ್ (ಟ್ರಕ್ಕು ಮೇಲೆ ಹೊರಬಹುದಾದ ಜನ, ಸಾಮಾನಿನ ಭಾರ) 2,480 ಪೌಂಡ್.

ಟ್ರೇಲರ್: ಜಿವಿಡಬ್ಲ್ಯುಆರ್ (ತುಂಬಿದ ಗಾಡಿಯ ಒಟ್ಟು ತೂಕದ ಮಿತಿ) 14,000 ಪೌಂಡ್, ಬ್ರೋಷರಿನ ಪಿನ್ ತೂಕ (ಟ್ರೇಲರಿನ ಮುಂದಿನ ಕಿಂಗ್‌ಪಿನ್ ಹಿಚ್ಚಿನ ಮೇಲೆ ಹೇರುವ ಭಾರ) 2,100. ತಲಾ 7,000 ಪೌಂಡಿನ ಎರಡು ಆಕ್ಸಲ್. ಟೈರು ಎಸ್‌ಟಿ235/80ಆರ್16 (ಎಸ್‌ಟಿ ಎಂದರೆ ಟ್ರೇಲರಿಗೆಂದೇ ಮಾಡಿದ್ದು), ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ. ಟೈರಿನ ಪಕ್ಕದಲ್ಲಿ ಅಚ್ಚಾದ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ 1419. ಟ್ರೆಡ್ (ನೆಲಕ್ಕೆ ತಾಗುವ ಗೀರುಗಳು) ಇನ್ನೂ ಚೆನ್ನಾಗಿದೆ.

ಪ್ರಶ್ನೆಗಳು: ತಿರುವಿನಲ್ಲಿ ಕ್ಯಾಬಿಗೆ ತಾಗದಂತೆ ಸ್ಲೈಡರ್ ಹಿಚ್ (ಹಿಂದೆ ಸರಿಯುವಂಥದ್ದು) ಬೇಕೇ ಬೇಕಾ? 16 ಸಾವಿರ ಪೌಂಡಿನ ಹಿಚ್ ಸಾಕಾ, 20 ಸಾವಿರದ್ದು ಬೇಕಾ? ಟ್ರೇಲರಿನ ಎಸ್‌ಟಿ ಟೈರು ತೆಗೆದು ಎಲ್‌ಟಿ (ಪಿಕಪ್ ಟ್ರಕ್ಕಿನ ಬಗೆಯದು) ಹಾಕಿಸಿದರೆ ಹೆಚ್ಚು ಗಟ್ಟಿಯೇ? ನಾವು ನಾಲ್ಕು ಜನ, ಎಲ್ಲ ಸೇರಿ ಸುಮಾರು 600 ಪೌಂಡ್.

ತಕ್ಕಡಿ:

ಹಿಚ್ ವಿಷಯಕ್ಕೆ ಬರುವ ಮೊದಲು ಪೇಲೋಡ್ ನೋಡಿ. ಈ ಜೋಡಿ ಅಲ್ಲೇ ನಿಲ್ಲುತ್ತದೆ.

ಬ್ರೋಷರಿನ 2,100 ಖಾಲಿ ಟ್ರೇಲರಿನ ಲೆಕ್ಕ. ಅದರಲ್ಲಿ ಬ್ಯಾಟರಿ, ತುಂಬಿದ ಗ್ಯಾಸ್ ಸಿಲಿಂಡರ್, ನೀರು, ಬಟ್ಟೆಬರೆ ಯಾವುದೂ ಇರುವುದಿಲ್ಲ. ಫಿಫ್ತ್ ವೀಲ್‌ಗಳಲ್ಲಿ ದೊಡ್ಡ ಸಾಮಾನು ಖಾನೆ ಮುಂಭಾಗದಲ್ಲೇ ಇರುವುದರಿಂದ ತುಂಬಿದ್ದರಲ್ಲಿ ಬಹುಪಾಲು ಪಿನ್ ಮೇಲೆಯೇ ಬೀಳುತ್ತದೆ. ತುಂಬಿದ ಟ್ರೇಲರಿನ ಪಿನ್ ತೂಕ ಒಟ್ಟು ತೂಕದ 20ರಿಂದ 22 ಪ್ರತಿಶತ ಎಂದು ಹಿಡಿಯಿರಿ. 14,000ಕ್ಕೆ 21 ಪ್ರತಿಶತ ಅಂದರೆ 2,940 ಪೌಂಡ್. ಹಿಚ್ ತೂಕ 200, ಜನ 600, ಬೆಡ್ಡಿನಲ್ಲಿ ಸಲಕರಣೆ 150. ಒಟ್ಟು 3,890. ನಿಮ್ಮ ಮಿತಿ 2,480. ಅಂದರೆ 1,410 ಪೌಂಡ್ ಜಾಸ್ತಿ.

ಡೀಸೆಲ್ ಎಂಜಿನ್ ಎಳೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎಳೆಯುವುದು ಬೇರೆ, ಹೊರುವುದು ಬೇರೆ. ಆ ಭಾರೀ ಎಂಜಿನ್ನೇ ಮುಕ್ಕಾಲು ಟನ್ ಟ್ರಕ್ಕಿನ ಪೇಲೋಡಿನಲ್ಲಿ ದೊಡ್ಡ ಪಾಲು ತಿಂದುಬಿಡುತ್ತದೆ. ಇದೇ ಟ್ರಕ್ಕು, ಇದೇ ನಾಲ್ಕು ಜನ, ಬೆಡ್ಡಿನಲ್ಲಿ ಹಿಚ್ ಬಿಟ್ಟು ಬೇರೇನೂ ಇಲ್ಲ ಅಂದರೂ ಪಿನ್ನಿಗೆ ಉಳಿಯುವುದು 1,680 ಪೌಂಡ್. ಅಂದರೆ 8,000 ಪೌಂಡ್ ಜಿವಿಡಬ್ಲ್ಯುಆರ್ ಟ್ರೇಲರ್. ಇದೇ ಟ್ರೇಲರ್ ಬೇಕೆಂದರೆ ಸ್ಟಿಕ್ಕರಿನಲ್ಲಿ ಕನಿಷ್ಠ 4,000 ಇರುವ ಒಂದು ಟನ್ ಟ್ರಕ್ ಹುಡುಕಿ. ಮಾಡೆಲ್ ಹೆಸರು ನಂಬಬೇಡಿ. ಒಂದೇ ಮಾಡೆಲ್ಲಿನಲ್ಲಿ ಫೋರ್ ವೀಲ್ ಡ್ರೈವ್, ಸನ್‌ರೂಫ್, ದುಬಾರಿ ಟ್ರಿಮ್ ಇದ್ದ ಗಾಡಿಗೂ ಇಲ್ಲದ್ದಕ್ಕೂ ನೂರಾರು ಪೌಂಡ್ ವ್ಯತ್ಯಾಸ ಇರುತ್ತದೆ. ಕೊಳ್ಳುವ ಗಾಡಿಯದೇ ಬಾಗಿಲು ತೆಗೆದು ಓದಿ.

ಹೈವೇ ಹುಡುಗ:

ಟ್ರಕ್ಕಿನ ಹಿಂದಿನ ಸಸ್ಪೆನ್ಷನ್ನಿಗೆ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿದರೆ ಸರಿಹೋಗಲ್ವಾ? ತುಂಬಾ ಜನ ಹಾಕಿಸ್ತಾರಲ್ಲ.

ತಕ್ಕಡಿ:

ಏರ್ ಬ್ಯಾಗ್ ಕುಸಿದ ಹಿಂಭಾಗವನ್ನು ಮೇಲೆತ್ತುತ್ತದೆ, ಅಷ್ಟೇ. ಆಕ್ಸಲ್, ಬೇರಿಂಗ್, ರಿಮ್, ಟೈರು, ಬ್ರೇಕ್ ಎಲ್ಲ ಹಳೆಯವೇ ಇರುತ್ತವೆ. ಬಾಗಿಲ ಸ್ಟಿಕ್ಕರಿನ ಅಂಕಿ ಒಂದು ಪೌಂಡೂ ಏರುವುದಿಲ್ಲ. ಗಾಡಿ ಸಮತಟ್ಟಾಗಿ ಕಾಣುವುದರಿಂದ ಭಾರ ಜಾಸ್ತಿಯಾದದ್ದು ಕಣ್ಣಿಗೆ ಬೀಳದೆ ಹೋಗುತ್ತದೆ, ಅದೇ ಅಪಾಯ.

ಕಿಂಗ್‌ಪಿನ್:

ಟ್ರಕ್ ವಿಷಯ ತಕ್ಕಡಿಯವರು ಹೇಳಿದ್ದಾರೆ. ಒಂದು ಟನ್ನಿನದು, 6.5 ಅಡಿ ಬೆಡ್ಡಿನದೇ ತಗೊಂಡಿರಿ ಎಂದುಕೊಂಡು ಹಿಚ್ ಬಗ್ಗೆ ಹೇಳುತ್ತೇನೆ.

ಸಾಮರ್ಥ್ಯದ್ದು ಸುಲಭ. ಹಿಚ್ಚಿನ ರೇಟಿಂಗ್ ಟ್ರೇಲರಿನ ಜಿವಿಡಬ್ಲ್ಯುಆರ್ ದಾಟಿರಬೇಕು, ಜೊತೆಗೆ ಮೇಲಿನಿಂದ ಬೀಳುವ ಭಾರದ ರೇಟಿಂಗ್ ಪ್ರತ್ಯೇಕ ನೋಡಬೇಕು. ಸಾಮಾನ್ಯವಾಗಿ ಅದು ಎಳೆಯುವ ರೇಟಿಂಗಿನ ಕಾಲು ಭಾಗ: 16 ಸಾವಿರದ್ದಕ್ಕೆ 4,000, 20 ಸಾವಿರದ್ದಕ್ಕೆ 5,000. ನಿಮ್ಮ 14,000ಕ್ಕೆ 16 ಸಾವಿರದ್ದು ಕಾಗದದ ಮೇಲೆ ಸಾಕು. 20 ಸಾವಿರದ್ದು ತಗೊಂಡರೆ ಮುಂದೆ ಟ್ರೇಲರ್ ಬದಲಿಸಿದರೂ ಹಿಚ್ ಉಳಿಯುತ್ತದೆ, ತೂಕ ಮಾತ್ರ ಸ್ವಲ್ಪ ಹೆಚ್ಚು. ಹಿಚ್ ಪರೀಕ್ಷೆಯ ಮಾನದಂಡವಾದ ಎಸ್‌ಎಇ ಜೆ2638 ಪ್ರಕಾರ ಪರೀಕ್ಷೆಯಾಗಿದೆ ಎಂದು ಬರೆದಿದೆಯೇ ನೋಡಿ.

ಸ್ಲೈಡರ್ ಬೇಕಾ ಎಂಬುದನ್ನು ಟೇಪು ಹಿಡಿದು ತೀರ್ಮಾನಿಸಿ. ಹಿಚ್ ತಲೆಯ ಮಧ್ಯದಿಂದ ಕ್ಯಾಬಿನ ಹಿಂದಿನ ಗಾಜಿನವರೆಗೆ ಅಳೆಯಿರಿ. 96 ಇಂಚು ಅಗಲದ ಟ್ರೇಲರಿನ ಅರ್ಧ 48 ಇಂಚು, 102 ಇಂಚಿನದರ ಅರ್ಧ 51. ಮೂತಿ ಚೌಕಾಕಾರ ಇದ್ದರೆ 90 ಡಿಗ್ರಿ ತಿರುಗಿದಾಗ ಅದರ ಮೂಲೆ ಕ್ಯಾಬಿನ ಕಡೆಗೆ ಅಷ್ಟು ದೂರ ಬರುತ್ತದೆ. ಅದರ ಮೇಲೆ ಮೂರು ನಾಲ್ಕು ಇಂಚು ಇಟ್ಟುಕೊಳ್ಳಿ, ಯಾಕೆಂದರೆ ಹಳ್ಳದಿಣ್ಣೆಯಲ್ಲಿ ಟ್ರಕ್ಕು ಒಂದು ಕಡೆ, ಟ್ರೇಲರು ಇನ್ನೊಂದು ಕಡೆ ವಾಲುತ್ತವೆ. 8 ಅಡಿ ಬೆಡ್ಡಿನಲ್ಲಿ ಈ ಜಾಗ ಸಾಮಾನ್ಯವಾಗಿ ಸಿಗುತ್ತದೆ, 6.5ರಲ್ಲಿ ಸಿಗುವುದಿಲ್ಲ. ಆದರೆ ಈಚಿನ ಟ್ರೇಲರುಗಳ ಮೂತಿಯ ಮೂಲೆಗಳನ್ನು ದುಂಡಗೆ ಒಳಗೆ ಕೊರೆದಿರುತ್ತಾರೆ, ಅಂಥದ್ದಕ್ಕೆ ಸ್ಥಿರ ಹಿಚ್ಚೂ ನಡೆಯುತ್ತದೆ. ಮಾರುವವರ ಮಾತು ಬಿಟ್ಟು ಖಾಲಿ ಮೈದಾನದಲ್ಲಿ ಒಬ್ಬರನ್ನು ಪಕ್ಕಕ್ಕೆ ನಿಲ್ಲಿಸಿ ನಿಧಾನ ತಿರುಗಿಸಿ ನೋಡಿ.

ಜಾಗ ಸಾಲದಿದ್ದರೆ ಮೂರು ದಾರಿ:

ಕೈ ಸ್ಲೈಡರ್. ರಸ್ತೆಯಲ್ಲಿ ಹಿಚ್ ಮುಂದೆ ಲಾಕ್ ಆಗಿರುತ್ತದೆ. ಬಿಗಿ ತಿರುವಿಗೆ ಮೊದಲು ನಿಲ್ಲಿಸಿ, ಲಾಕ್ ಬಿಡಿಸಿ, ಕ್ಯಾಬಿನೊಳಗಿನ ಬ್ರೇಕ್ ಕಂಟ್ರೋಲರಿನಿಂದ ಟ್ರೇಲರ್ ಬ್ರೇಕ್ ಮಾತ್ರ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದೆ ಒಯ್ದರೆ ತಲೆ ಹಿಂದೆ ಸರಿದು ಕೂರುತ್ತದೆ. ಕೆಲಸವಾದ ಮೇಲೆ ವಾಪಸ್ ತರಲು ಮರೆತು ಹೈವೇಗೆ ಹೋದರೆ ಪಿನ್ ಭಾರ ಹಿಂದಿನ ಆಕ್ಸಲಿನ ಹಿಂದೆ ಬಿದ್ದು ಮುಂದಿನ ಚಕ್ರ ಹಗುರಾಗುತ್ತದೆ, ಸ್ಟಿಯರಿಂಗ್ ತೇಲುತ್ತದೆ. ಬಿ ಆ್ಯಂಡ್ ಡಬ್ಲ್ಯು ಕಂಪ್ಯಾನಿಯನ್‌ನಲ್ಲಿ ಈ ಬಗೆಯ ಸ್ಲೈಡರ್ ಸಿಗುತ್ತದೆ.

ಆಟೋ ಸ್ಲೈಡರ್. ಪುಲ್‌ರೈಟ್ ಸೂಪರ್‌ಗ್ಲೈಡ್ ಇದಕ್ಕೆ ಹೆಸರಾದದ್ದು. ತಿರುಗಿದಂತೆ ತಾನೇ ಹಿಂದೆ ಸರಿಯುತ್ತದೆ, ನೆನಪಿಡಬೇಕಾದದ್ದೇನಿಲ್ಲ. ಪಿನ್ ಬಾಕ್ಸಿಗೆ (ಟ್ರೇಲರಿನಲ್ಲಿ ಕಿಂಗ್‌ಪಿನ್ ಕೂತಿರುವ ಭಾಗ) ಕ್ಯಾಪ್ಚರ್ ಪ್ಲೇಟ್ ಎಂಬ ತಟ್ಟೆ ಹಾಕಿಸಲೇಬೇಕು. ಭಾರೀ ತೂಕ, ಅದೂ ನಿಮ್ಮ ಪೇಲೋಡಿನಿಂದಲೇ ಹೋಗುತ್ತದೆ.

ತಿರುಗುವ ಪಿನ್ ಬಾಕ್ಸ್. ರೀಸ್ ಸೈಡ್‌ವೈಂಡರ್ ತಿರುಗುವ ಬಿಂದುವನ್ನು 22 ಇಂಚು ಹಿಂದಕ್ಕೆ ಒಯ್ಯುತ್ತದೆ. ಇದಕ್ಕೆ ಹಿಚ್ ತಲೆಗೆ ಸರಿಹೊಂದುವ ವೆಜ್ (ಬೆಣೆ) ಬೇಕು, ಕಿಂಗ್‌ಪಿನ್ ಹಿಚ್ಚಿನೊಳಗೆ ತಿರುಗಬಾರದು. ವೆಜ್ ಸಡಿಲವಿದ್ದರೆ ಎರಡು ಕಡೆ ತಿರುಗಿ ಟ್ರೇಲರ್ ಅಲ್ಲಾಡುತ್ತದೆ. ನಿಮ್ಮ ಹಿಚ್ಚಿಗೆ ವೆಜ್ ಮಾಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿ.

ನನ್ನ ಆಯ್ಕೆ ಕೇಳಿದರೆ: ಪಕ್ ಇರುವ ಟ್ರಕ್ಕಿಗೆ ಪಕ್ಕಿನಲ್ಲೇ ಕೂರುವ, ನಾಲ್ಕು ದಿಕ್ಕಿಗೆ ವಾಲುವ ತಲೆಯ, ಪಿನ್ನನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯುವ ಜಾ (ದವಡೆಯಂಥ ಹಿಡಿತ) ಇರುವ ಹಿಚ್. ಜಾ ಮತ್ತು ಪಿನ್ ನಡುವೆ ಸಡಿಲ ಕಡಿಮೆ ಇದ್ದಷ್ಟೂ ಬ್ರೇಕ್ ಹಿಡಿದಾಗ, ಬಿಟ್ಟಾಗ ಬೆನ್ನಿಗೆ ಬಡಿಯುವ ಗುದ್ದು ಕಡಿಮೆ.

ಆಂಡರ್ಸನ್ ಅಲ್ಟಿಮೇಟಿನಂಥ ಅಲ್ಯೂಮಿನಿಯಂ ಹಿಚ್ಚು ಹಗುರ, ಒಬ್ಬರೇ ಎತ್ತಬಹುದು, ಪೇಲೋಡಿಗೆ ಒಳ್ಳೆಯದು. ಆದರೆ ಪಿನ್ ಬಾಕ್ಸಿಗೆ ಗೂಸ್‌ನೆಕ್ ಅಡಾಪ್ಟರ್ ಎಂಬ ಉದ್ದನೆಯ ಕೊಳವೆ ಸಿಕ್ಕಿಸಿ ಬೆಡ್ ತಳದ ಹಿಚ್ ಬಾಲ್ (ಲೋಹದ ಗುಂಡು) ಮೇಲೆ ಕೂಡಿಸುವುದು ಬೇರೆ ವಿಚಾರ. ಎಳೆತದ ಬಿಂದು ಕೆಳಗಿಳಿದಷ್ಟೂ ಸನ್ನೆಯ ತೋಳು ಉದ್ದವಾಗಿ ಟ್ರೇಲರ್ ಫ್ರೇಮಿನ ಮೂಲೆ ಬೆಸುಗೆಗಳ ಮೇಲೆ ಒತ್ತಡ ಏರುತ್ತದೆ, ಅಲ್ಲಿಂದಲೇ ಬಿರುಕು ಶುರು. ಫ್ರೇಮ್ ತಯಾರಕರು ಬರಹದಲ್ಲಿ ಒಪ್ಪಿದ ಅಡಾಪ್ಟರ್ ಬಿಟ್ಟು ಬೇರೆ ಹಾಕಬೇಡಿ, ವಾರಂಟಿ ಹೋಗುತ್ತದೆ.

ಎತ್ತರ: ಬೆಡ್ಡಿನ ಪಕ್ಕದ ಗೋಡೆಗೂ ಟ್ರೇಲರಿನ ಅಡಿಗೂ ಸುಮಾರು 6 ಇಂಚು ಅಂತರ ಬೇಕು, ಜೊತೆಗೆ ಟ್ರೇಲರ್ ಸಮತಟ್ಟಾಗಿರಬೇಕು. ಈಗಿನ ಫೋರ್ ವೀಲ್ ಡ್ರೈವ್ ಟ್ರಕ್ಕುಗಳು ಎತ್ತರ ಜಾಸ್ತಿ, ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಮೂತಿ ಎದ್ದಿದೆ ಎಂದು ಹಿಚ್ ತಗ್ಗಿಸುತ್ತಾ ಹೋದರೆ ಗೋಡೆ ತಾಗುತ್ತದೆ. ಅಂತರ ಉಳಿಸಿಕೊಂಡು ಟ್ರೇಲರ್ ಸಸ್ಪೆನ್ಷನ್ನನ್ನೇ ಎತ್ತರಿಸಬೇಕು.

ಗಾಳಿಮಾಪಕ:

ಟೈರಿಗೆ ಬರೋಣ. 1419 ಎಂದರೆ 2019ರ 14ನೇ ವಾರ. ಟ್ರೆಡ್ ಎಷ್ಟೇ ಇರಲಿ, ಆ ಟೈರು ಬದಲಿಸಿ. ಟ್ರೇಲರ್ ಟೈರು ಸವೆದು ಸಾಯುವುದು ಅಪರೂಪ. ಬಿಸಿಲಿನಲ್ಲಿ ನಿಂತು ರಬ್ಬರು ಒಣಗಿ, ಒಳಗಿನ ಬೆಲ್ಟು ಬಿಟ್ಟು ಸಾಯುತ್ತದೆ. ಜೋಡಿ ಆಕ್ಸಲ್ ಗಾಡಿಯನ್ನು ಬಿಗಿಯಾಗಿ ತಿರುಗಿಸಿದಾಗ ಟೈರುಗಳು ಉರುಳದೆ ಅಡ್ಡಡ್ಡ ಉಜ್ಜುತ್ತವೆ, ಬೆಲ್ಟ್ ಬಿಡುವುದಕ್ಕೆ ಅದೂ ಕಾರಣ. ಹೈವೇಯಲ್ಲಿ ಒಡೆದರೆ ಚೂರುಗಳು ಚಕ್ರದ ಮೇಲಿನ ನೆಲ, ವೈರು, ಗ್ಯಾಸ್ ಪೈಪು ಎಲ್ಲ ಕಿತ್ತುಹಾಕುತ್ತವೆ.

ಎಲ್‌ಟಿ ಎಂದರೆ ಗಟ್ಟಿ ಎಂಬುದು ಪೂರ್ತಿ ನಿಜವಲ್ಲ. ಲೆಕ್ಕ ನೋಡಿ. ನಿಮ್ಮ ಎಸ್‌ಟಿ235/80ಆರ್16 ಇ ಟೈರು 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದಾಗ 3,520 ಪೌಂಡ್ ಹೊರುತ್ತದೆ. ಆ ರಿಮ್ಮಿಗೆ ಕೂರುವ ಎಲ್‌ಟಿ235/85ಆರ್16 ಇ ಅದೇ 80ರಲ್ಲಿ 3,042 ಮಾತ್ರ. ಎರಡು ಸೇರಿ 6,084; ನಿಮ್ಮ ಆಕ್ಸಲ್ 7,000ದ್ದು. ಆಗುವುದಿಲ್ಲ. ಎಲ್‌ಟಿ ಬೇಕೆಂದರೆ ಲೋಡ್ ರೇಂಜ್ ಜಿ ಬೇಕು. ಅದು 110 ಪಿಎಸ್‌ಐನಲ್ಲಿ 3,750 ಹೊರುತ್ತದೆ.

ಎಸ್‌ಟಿ ಇ ಎರಡು ಸೇರಿದರೆ 7,040. ಆಕ್ಸಲ್ ರೇಟಿಂಗಿಗಿಂತ ಬರೀ 40 ಪೌಂಡ್ ಜಾಸ್ತಿ. ಆರ್‌ವಿ (ವಾಸದ ಗಾಡಿ) ಉದ್ಯಮದ ಸಂಘ ಆರ್‌ವಿಐಎ 2017ರಿಂದ ಸದಸ್ಯ ಕಂಪನಿಗಳಿಗೆ ಟೈರಿನಲ್ಲಿ 10 ಪ್ರತಿಶತ ಮೀಸಲು ಇರಬೇಕೆಂದು ಹೇಳಿತು. ನಾನಾದರೆ 15ರಿಂದ 20 ಇಟ್ಟುಕೊಳ್ಳಿ ಎನ್ನುತ್ತೇನೆ.

ವೇಗವೂ ಮುಖ್ಯ. ಪಕ್ಕದ ಗೋಡೆಯಲ್ಲಿ ವೇಗದ ಅಕ್ಷರ ಇಲ್ಲದ ಎಸ್‌ಟಿ ಟೈರಿನ ಮಿತಿ ಗಂಟೆಗೆ 65 ಮೈಲಿ ಎಂದೇ ತಿಳಿಯಿರಿ. ಎಲ್ ಇದ್ದರೆ 75, ಎಂ ಇದ್ದರೆ 81. ಅಕ್ಷರ ದೊಡ್ಡದಿದೆ ಎಂದು ಓಡಿಸಬೇಡಿ, 60ರಿಂದ 65ರಲ್ಲೇ ಇದ್ದರೆ ಟೈರಿನ ಬಿಸಿ ಹತೋಟಿಯಲ್ಲಿರುತ್ತದೆ.

ಗಾಳಿ: ಟ್ರೇಲರಿಗೆ ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡವನ್ನೇ, ತಣ್ಣಗಿದ್ದಾಗ. ಗಾಡಿ ಮೂರು ಗಂಟೆ ನಿಂತಿರಬೇಕು, ಒಂದು ಪಕ್ಕಕ್ಕೆ ಬಿಸಿಲು ಬೀಳುತ್ತಿರಬಾರದು. ಓಡುತ್ತಾ ಒತ್ತಡ 10ರಿಂದ 15 ಪ್ರತಿಶತ ಏರುವುದು ಸಹಜ, ಬಿಸಿಯಲ್ಲಿ ಗಾಳಿ ಬಿಡಬೇಡಿ. ಟ್ರಕ್ಕಿನದು ಬೇರೆ ಲೆಕ್ಕ: ಬಾಗಿಲ ಸ್ಟಿಕ್ಕರಿನ ಒತ್ತಡ. ಟ್ರಕ್ಕಿಗೆ ಮುಂದೆ ಟೈರು ಬದಲಿಸುವಾಗ ಚೆಂದಕ್ಕೆಂದು ಕಡಿಮೆ ಲೋಡ್ ರೇಂಜಿನದು ಹಾಕಿಸಬೇಡಿ. ಎಲ್‌ಟಿ275/70ಆರ್18 ಇ ತಲಾ 3,640 ಹೊರುತ್ತದೆ, ಹಿಂದಿನ ಎರಡು ಸೇರಿ 7,280.

ದೂರದಾರಿ:

ತುಂಬಾ ಉಪಕಾರ. ಒಂದು ಟನ್ ಸಿಂಗಲ್ ರಿಯರ್ ವೀಲ್ (ಹಿಂದೆ ಪಕ್ಕಕ್ಕೊಂದೇ ಚಕ್ರದ) ಟ್ರಕ್ಕೇ ಹುಡುಕುತ್ತೇವೆ. ಎರಡು ಸಂಶಯ. ಟ್ರೇಲರಿಗೆ ಹೊಸ ಇ ಹಾಕಲಾ, ಜಿ ಹಾಕಲಾ? ತೂಕ ಹಾಕಿಸುವುದು ಹೇಗೆ?

ತಕ್ಕಡಿ:

ಟ್ರಕ್ ಸ್ಟಾಪುಗಳಲ್ಲಿರುವ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಕದ ಕಟ್ಟೆಗೆ ಹೋಗಿ, ಪ್ರವಾಸಕ್ಕೆ ಹೊರಡುವಷ್ಟೇ ತುಂಬಿಕೊಂಡು. ಮೊದಲ ಸಲ ಟ್ರೇಲರ್ ಸಹಿತ: ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಚಕ್ರಗಳು ಬೇರೆ ಬೇರೆ ತಟ್ಟೆಯ ಮೇಲೆ. ಆಮೇಲೆ ಪಾರ್ಕಿಂಗಿನಲ್ಲಿ ಟ್ರೇಲರ್ ಇಳಿಸಿ, ಜನ ಕೂತ ಹಾಗೇ ಬರೀ ಟ್ರಕ್ಕು. ಉದಾಹರಣೆಗೆ ಟ್ರೇಲರ್ ಸಹಿತ ಟ್ರಕ್ಕಿನ ಎರಡು ಆಕ್ಸಲ್ ಸೇರಿ 11,050, ಬರೀ ಟ್ರಕ್ಕು 8,150 ಬಂದರೆ ಪಿನ್ ತೂಕ 2,900. ಟ್ರೇಲರ್ ಚಕ್ರಗಳದು 10,700 ಎಂದರೆ ಟ್ರೇಲರ್ ಒಟ್ಟು 13,600, ಪಿನ್ 21 ಪ್ರತಿಶತ ಚಿಲ್ಲರೆ. ಹಿಂದಿನ ಆಕ್ಸಲ್ ಬಾಗಿಲಿನ ಜಿಎಡಬ್ಲ್ಯುಆರ್ (ಆ ಆಕ್ಸಲಿನ ಭಾರದ ಮಿತಿ) ದಾಟಿದೆಯೇ, ಅದನ್ನೂ ಅದೇ ಚೀಟಿಯಲ್ಲಿ ನೋಡಿ.

ಗಾಳಿಮಾಪಕ:

ಅದೇ ಅಂಕಿ ಹಿಡಿದು ಹೇಳುತ್ತೇನೆ. 10,700 ನಾಲ್ಕು ಟೈರಿಗೆ ಸಮ ಹಂಚಿದರೆ 2,675, ಇ ಟೈರಿಗೆ 24 ಪ್ರತಿಶತ ಮೀಸಲು. ಚೆನ್ನಾಗೇ ಇದೆ ಅನಿಸುತ್ತದೆ. ಆದರೆ ಸಮ ಹಂಚುವುದೇ ಇಲ್ಲ. ಅಡುಗೆಮನೆ, ಫ್ರಿಜ್, ದೊಡ್ಡ ಸ್ಲೈಡ್ (ಹೊರಕ್ಕೆ ಸರಿಯುವ ಕೋಣೆ ಭಾಗ) ಒಂದೇ ಪಕ್ಕಕ್ಕಿದ್ದು ಒಂದು ಟೈರಿಗೆ 3,050 ಬಿದ್ದರೆ ಮೀಸಲು 13ಕ್ಕೆ ಇಳಿಯುತ್ತದೆ. ಆದ್ದರಿಂದ ಸಾಧ್ಯವಾದರೆ ಒಂದೊಂದು ಚಕ್ರದ ತೂಕವನ್ನೂ ಹಾಕಿಸಿ. ಯಾವ ಚಕ್ರವೂ 2,900 ದಾಟದಿದ್ದರೆ ಒಳ್ಳೆಯ ಇ ಸಾಕು. ದಾಟಿದರೆ ಸಾಮಾನು ಆಚೀಚೆ ಮಾಡಿ, ಆಗದಿದ್ದರೆ ಜಿ.

ಜಿ ಹಾಕುವ ಮೊದಲು ಟೈರು ಬಿಚ್ಚಿಸಿ ರಿಮ್ಮಿನ ಹಿಂಬದಿಯ ಅಚ್ಚು ಓದಿ. ಗರಿಷ್ಠ ಒತ್ತಡ 80 ಪಿಎಸ್‌ಐ ಎಂದಿದ್ದರೆ ಅದಕ್ಕೆ 110 ತುಂಬಬಾರದು, ರಿಮ್ಮೂ ಬದಲಾಗಬೇಕು. ರಬ್ಬರಿನ ವಾಲ್ವ್ ತೆಗೆದು ನಟ್ ಬಿಗಿಯುವ ಲೋಹದ ವಾಲ್ವ್ ಹಾಕಿಸಿ. ಟಿಪಿಎಂಎಸ್ (ಟೈರಿನ ಒತ್ತಡ ತೋರಿಸುವ) ಸೆನ್ಸರ್ ಸಿಕ್ಕಿಸುವುದಿದ್ದರೆ ಇ ಟೈರಿಗೂ ಇದೇ ಮಾಡಿ, ಸೆನ್ಸರ್ ಭಾರಕ್ಕೆ ರಬ್ಬರ್ ಕಾಂಡ ಬಾಗಿ ಬುಡದಲ್ಲಿ ಸೀಳುತ್ತದೆ. ಜಿ ಟೈರು ಗಡುಸು, ಒಳಗಿನ ಕಪಾಟಿನ ಸ್ಕ್ರೂಗಳು ಸಡಿಲಾಗುತ್ತವೆ ಎಂಬ ದೂರು ನಿಜ. ಚಕ್ರ ಕೂಡಿಸಿದ ಮೇಲೆ 10, 25, 50 ಮೈಲಿಗೆ ಲಗ್ ನಟ್ ಟಾರ್ಕ್ (ಚಕ್ರದ ನಟ್ಟಿನ ಬಿಗಿತ) ಮತ್ತೆ ನೋಡಬೇಕು. ಅರ್ಧ ಇಂಚಿನ ಸ್ಟಡ್ಡಿಗೆ ಸಾಮಾನ್ಯವಾಗಿ 90ರಿಂದ 120 ಪೌಂಡ್-ಅಡಿ, ರಿಮ್ ತಯಾರಕರ ಅಂಕಿ ಬೇರೆ ಇದ್ದರೆ ಅದೇ.

ಕಿಂಗ್‌ಪಿನ್:

ಕೂಡಿಸುವ ಕ್ರಮವನ್ನೂ ಬರೆದಿಡುತ್ತೇನೆ, ಟ್ರೇಲರ್ ಬೆಡ್ಡಿನ ಮೇಲೆ ಕುಸಿಯುವುದು ಇಲ್ಲೇ. ಟ್ರೇಲರ್ ಚಕ್ರಗಳಿಗೆ ಚಾಕ್ (ಉರುಳದಂತೆ ತಡೆಯುವ ಅಡ್ಡ) ಇಡಿ, ಟೈಲ್‌ಗೇಟ್ ಇಳಿಸಿ. ಪಿನ್ ಬಾಕ್ಸಿನ ತಟ್ಟೆ ಹಿಚ್ ತಟ್ಟೆಗಿಂತ ಅರ್ಧದಿಂದ ಒಂದು ಇಂಚು ತಗ್ಗಿರಲಿ. ಹಿಂದೆ ಬಂದಾಗ ಅದು ಇಳಿಜಾರಿನ ಮೇಲೆ ಹತ್ತಿ ಕೂರಬೇಕು. ಎತ್ತರ ಜಾಸ್ತಿಯಿದ್ದರೆ ಪಿನ್ ಜಾದ ಮೇಲೆ ಕೂತು, ಹ್ಯಾಂಡಲ್ ಮುಚ್ಚಿದಂತೆ ಕಂಡು, ಮೊದಲ ಬ್ರೇಕಿಗೇ ಹೊರಬರುತ್ತದೆ. ಎರಡು ತಟ್ಟೆಗಳ ನಡುವೆ ಬೆಳಕು ಕಾಣಬಾರದು, ಟಾರ್ಚ್ ಹಾಕಿ ಜಾ ಪಿನ್ನಿನ ಕುತ್ತಿಗೆ ಹಿಡಿದಿರುವುದನ್ನು ಕಣ್ಣಾರೆ ನೋಡಿ. ಹ್ಯಾಂಡಲಿಗೆ ಕ್ಲಿಪ್ ಹಾಕಿ. ಏಳು ಪಿನ್ನಿನ ಪ್ಲಗ್ ಸಿಕ್ಕಿಸಿ. ಬ್ರೇಕ್‌ಅವೇ ಕೇಬಲ್ಲನ್ನು (ಟ್ರೇಲರ್ ಕಳಚಿದರೆ ಅದರ ಬ್ರೇಕ್ ಬೀಳಿಸುವ ತಂತಿ) ಟ್ರಕ್ಕಿಗೆ ಕಟ್ಟಿ, ಹಿಚ್ ಹ್ಯಾಂಡಲಿಗಲ್ಲ. ಹಿಚ್ಚೇ ಕಿತ್ತುಬಂದರೆ ಅದರ ಜೊತೆ ಕೇಬಲ್ಲೂ ಹೋಗಿ ಬ್ರೇಕ್ ಬೀಳುವುದಿಲ್ಲ.

ಆಮೇಲೆ ಮುಂದಿನ ಕಾಲುಗಳನ್ನು ನೆಲದಿಂದ ಒಂದೆರಡು ಇಂಚು ಮಾತ್ರ ಎತ್ತಿ, ಚಾಕ್ ಇಟ್ಟ ಹಾಗೇ ಟ್ರೇಲರ್ ಬ್ರೇಕ್ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಪಿನ್ ಬಿಟ್ಟರೂ ಟ್ರೇಲರ್ ಕಾಲಿನ ಮೇಲೆ ನಿಲ್ಲುತ್ತದೆ. ಹಿಡಿದಿದ್ದರೆ ಕಾಲು ಪೂರ್ತಿ ಎತ್ತಿ, ಟೈಲ್‌ಗೇಟ್ ಮುಚ್ಚಿ, ಕೊನೆಗೆ ಚಾಕ್ ತೆಗೆಯಿರಿ. ತಟ್ಟೆಗೆ ಪ್ಲಾಸ್ಟಿಕ್ ಲ್ಯೂಬ್ ಡಿಸ್ಕ್ ಹಾಕಿದರೆ ಗ್ರೀಸ್ ಬಳಿದುಕೊಳ್ಳುವ ಕಾಟವಿಲ್ಲ, ಆದರೆ ಜಾ ಒಳಗೆ ಗ್ರೀಸ್ ಬೇಕೇ ಬೇಕು.